ಮೀಟರ್ 200 ಅನ್ನುತ್ತದೆ, ಖಾರಿ ಸುಟ್ಟಿದೆ: ಬೇಕರಿ ಓವನ್ ಅತಿಯಾಗಿ ಕಾಯುವುದು ಯಾಕೆ?

ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಬಂತು. ಬೆಳಗಾವಿಯ ಶಹಾಪುರದ ಒಂದು ಬೇಕರಿಯಿಂದ. ಅಲ್ಲಿನ ಮಾಲೀಕರನ್ನು ನಾವೆಲ್ಲ ಕಾಕಾ ಅಂತಲೇ ಕರೆಯುತ್ತೇವೆ.

“ಲಗೂ ಬಾರಪಾ. ಖಾರಿ ಎಲ್ಲಾ ಕರ್ರಗಾಗ್ಯಾವು. ಮೀಟರ್ ನೋಡಿದ್ರ ಎರಡನೂರ ತೋರಸಾಕತ್ತೈತಿ. ಭಟ್ಟಿಗೆ ಏನಾಗೈತೋ ತಿಳಿವಲ್ದು.”

ಹೋಗಿ ನೋಡಿದೆ. ನಾಲ್ಕು ಟ್ರೇ ಖಾರಿ, ಅಂದರೆ ಪದರ ಪದರದ ಗರಿಗರಿ ಬಿಸ್ಕತ್ತು, ಮೇಜಿನ ಮೇಲಿದ್ದವು. ಮೇಲ್ಭಾಗ ಕಾಫಿ ಪುಡಿಯ ಬಣ್ಣ, ಅಡಿ ಇದ್ದಿಲಿನ ಬಣ್ಣ. ಒಂದನ್ನು ಮುರಿದೆ. ಒಳಗಿನ ಪದರ ಇನ್ನೂ ಹಸಿ, ಬೆರಳಿಗೆ ಅಂಟುತ್ತಿತ್ತು. ಹೊತ್ತು ಜಾಸ್ತಿ ಆಗಿ ಸುಟ್ಟಿದ್ದರೆ ಒಳಗೂ ಒಣಗಿರಬೇಕಿತ್ತು. ಹೊರಗೆ ಸುಟ್ಟು ಒಳಗೆ ಹಸಿ ಇದೆ ಅಂದರೆ ತಪ್ಪಿದ್ದು ಸಮಯ ಅಲ್ಲ, ಕಾವು.

ಕಾಕಾಗೆ ಅದು ಮೊದಲೇ ಗೊತ್ತಾಗಿತ್ತು. ಅವರು ಸೌದೆ ಭಟ್ಟಿಯ ಕಾಲದವರು. ಎಲೆಕ್ಟ್ರಿಕ್ ಓವನ್ ಬಂದು ವರ್ಷಗಳಾದರೂ ಬಾಯಲ್ಲಿ ಇನ್ನೂ ಭಟ್ಟಿ ಅಂತಲೇ ಬರುತ್ತದೆ. ಒಂದು ಚಿಟಿಕೆ ಮೈದಾ ತೆಗೆದು ಒಳಗಿನ ಕಲ್ಲಿನ ಮೇಲೆ ಎಸೆದರು. ಹಿಟ್ಟು ಮೆಲ್ಲಗೆ ಹೊಂಬಣ್ಣಕ್ಕೆ ತಿರುಗಬೇಕಿತ್ತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಪ್ಪಾಯಿತು. ಅದೇ ಹೊತ್ತಿಗೆ ಎದುರಿನ ಮೀಟರ್‌ನಲ್ಲಿ ಹಸಿರು ಅಕ್ಷರದಲ್ಲಿ 200 ಅಂತ ಇತ್ತು. ಸೆಟ್ ಮಾಡಿದ್ದೂ 200.

ಈ ಓವನ್ ರಿಪೇರಿ ಕೆಲಸದಲ್ಲಿ ನಾನು ಜಾಸ್ತಿ ನೋಡಿರುವ ತಪ್ಪು ಒಂದೇ. ಓವನ್ ಅತಿಯಾಗಿ ಕಾಯುತ್ತಿದೆ ಅಂದ ಕೂಡಲೇ ಏನಾದರೂ ಒಂದು ಸಾಮಾನು ಬದಲಿಸಿಬಿಡುವುದು. ಮೊದಲು ಸೆನ್ಸಾರ್, ಅದಾಗಲಿಲ್ಲ ಅಂದರೆ ಕಂಟ್ರೋಲರ್, ಅದೂ ಆಗಲಿಲ್ಲ ಅಂದರೆ ಕಾಂಟ್ಯಾಕ್ಟರ್. ದುಡ್ಡು ಹೋಗುತ್ತದೆ, ಎರಡು ದಿನದ ವ್ಯಾಪಾರ ಹೋಗುತ್ತದೆ. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಓವನ್ ಜಾಸ್ತಿ ಕಾದಿರುವುದು ಮೀಟರ್‌ಗೆ ಗೊತ್ತಿದೆಯೋ, ಇಲ್ಲವೋ?

ನೋಡುವವನು, ಹೇಳುವವನು, ಮಾಡುವವನು

ಯಾವುದೇ ಎಲೆಕ್ಟ್ರಿಕ್ ಓವನ್ ತೆಗೆದುಕೊಳ್ಳಿ. ಒಳಗೆ ಮೂರು ಆಳುಗಳು ಕೆಲಸ ಮಾಡುತ್ತಿರುತ್ತಾರೆ. ಕಾವು ಎಷ್ಟಿದೆ ಅಂತ ನೋಡುವವನು ಸೆನ್ಸಾರ್. “ಸಾಕು, ನಿಲ್ಲಿಸು” ಅಥವಾ “ಇನ್ನಷ್ಟು ಕಾಯಿಸು” ಅಂತ ಹೇಳುವವನು ಕಂಟ್ರೋಲರ್. ಬೇಕರಿಯಲ್ಲಿ ಮೀಟರ್ ಅನ್ನುವುದು ಇದಕ್ಕೇ. ಆ ಮಾತು ಕೇಳಿ ಹೀಟರ್‌ಗೆ ಕರೆಂಟ್ ಕೊಡುವವನು, ತೆಗೆಯುವವನು ಕಾಂಟ್ಯಾಕ್ಟರ್.

ಸೆನ್ಸಾರ್ ತಪ್ಪು ಹೇಳಿದರೆ ಕಂಟ್ರೋಲರ್ ಅದನ್ನೇ ನಂಬುತ್ತದೆ. ಆಗ ಮೀಟರ್ 200 ಅನ್ನುತ್ತದೆ, ಒಳಗೆ 260 ಇರುತ್ತದೆ. ಕಾಂಟ್ಯಾಕ್ಟರ್ ಕೆಟ್ಟಿದ್ದರೆ ಹಾಗಲ್ಲ. ಮೀಟರ್ 260 ಅಂತ ನಿಜವನ್ನೇ ಹೇಳುತ್ತದೆ, “ನಿಲ್ಲಿಸು” ಅಂತಲೂ ಹೇಳುತ್ತದೆ, ಆದರೆ ಕೇಳುವವರಿಲ್ಲ. ಎರಡರಲ್ಲೂ ಖಾರಿ ಸುಡುತ್ತದೆ. ಆದರೆ ರೋಗ ಬೇರೆ, ಮದ್ದು ಬೇರೆ.

ಹಾಗಾಗಿ ಮೊದಲು ಬೇಕಾಗುವುದು ಓವನ್‌ಗೆ ಸಂಬಂಧವೇ ಇಲ್ಲದ ಇನ್ನೊಂದು ಥರ್ಮಾಮೀಟರ್. ಓವನ್ ಒಳಗೆ ಇಡುವ ಸ್ಟೀಲಿನ ಡಯಲ್ ಥರ್ಮಾಮೀಟರ್ ಸಿಗುತ್ತದೆ. ಮಲ್ಟಿಮೀಟರ್ ಜೊತೆ ಬರುವ ತಂತಿಯ ಸೆನ್ಸಾರ್ ಆದರೂ ನಡೆಯುತ್ತದೆ, ಅದರ ತಂತಿ ಓವನ್ ಕಾವು ತಡೆಯುವಂಥದ್ದು ಆಗಿರಬೇಕು ಅಷ್ಟೆ. ಒಳಗೆ ನಡುಮಧ್ಯೆ ಇಟ್ಟು, ಬಾಗಿಲು ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಎರಡನ್ನೂ ಹೋಲಿಸಿ.

ಕೈಯಲ್ಲಿ ಹಿಡಿದು ಕೆಂಪು ಚುಕ್ಕಿ ಬಿಡುವ ಇನ್‌ಫ್ರಾರೆಡ್ ಗನ್ ಈಗ ಎಲ್ಲರ ಹತ್ತಿರ ಇದೆ. ಅದನ್ನು ಹೊಳೆಯುವ ಸ್ಟೀಲಿನ ಮೇಲೆ ಹಿಡಿಯಬೇಡಿ. ಹೊಳೆಯುವ ಲೋಹ ತನ್ನ ಕಾವನ್ನು ಸರಿಯಾಗಿ ಹೊರಗೆ ಬಿಡುವುದಿಲ್ಲ, ಎದುರಿಗಿರುವ ವಸ್ತುವಿನದ್ದನ್ನೇ ಕನ್ನಡಿಯಂತೆ ತೋರಿಸುತ್ತದೆ. ನಿಜವಾದ ಕಾವಿಗಿಂತ ಎಷ್ಟೋ ಕಡಿಮೆ ಬರುತ್ತದೆ. ಕಲ್ಲಿನ ತಳ ಅಥವಾ ಹಳೆಯ ಕಪ್ಪಾದ ಟ್ರೇ ಮೇಲೆ ಹಿಡಿದರೆ ನಂಬಬಹುದು.

ಥರ್ಮಾಮೀಟರ್ ಸರಿ ಇದೆಯೋ ಅಂತ ನೋಡಲು ಕುದಿಯುವ ನೀರಿನಲ್ಲಿ ಅದ್ದುವುದು ಹಳೆಯ ಉಪಾಯ. ಒಳ್ಳೆಯದೇ. ಆದರೆ ನಮ್ಮ ಊರಲ್ಲಿ ಒಂದು ವಿಷಯ ನೆನಪಿಡಬೇಕು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 97.5ಕ್ಕೇ ಕುದಿಯುತ್ತದೆ. ಸುಮಾರು 600 ಮೀಟರ್ ಎತ್ತರದ ವಿಜಯಪುರದಲ್ಲಿ 98ರ ಹತ್ತಿರ. ಇದು ಗೊತ್ತಿಲ್ಲದೆ, “ಮೂರು ಡಿಗ್ರಿ ಕಡಿಮೆ ತೋರಿಸುತ್ತಿದೆ” ಅಂತ ಸರಿ ಇದ್ದ ಮೀಟರನ್ನು ತಿದ್ದಿ ಕೆಡಿಸಿದ್ದನ್ನು ನಾನು ನೋಡಿದ್ದೇನೆ. ಮಂಜುಗಡ್ಡೆ ತುಂಬಿದ ನೀರು ಮಾತ್ರ ಎಲ್ಲಿ ಹೋದರೂ ಸೊನ್ನೆಯೇ.

ಮೀಟರ್‌ಗೆ ಗೊತ್ತಿಲ್ಲದಿದ್ದರೆ

ಕಾಕಾ ಬೇಕರಿಯಲ್ಲಿ ಡಯಲ್ ಥರ್ಮಾಮೀಟರ್ 255ರ ಆಚೆ ಈಚೆ ನಿಂತಿತು. ಮೀಟರ್ 200ರಲ್ಲೇ ಇತ್ತು. ಹಾಗಾದರೆ ಕಾಂಟ್ಯಾಕ್ಟರ್ ತಂಟೆಗೆ ಹೋಗುವುದೇ ಬೇಡ. ಗೋಲ್‌ಮಾಲ್ ಇರುವುದು ಸೆನ್ಸಾರ್ ಮತ್ತು ಮೀಟರ್ ನಡುವೆ.

“ಕಾಕಾ, ನಿನ್ನೆ ಮೊನ್ನೆ ಇದಕ್ಕ ಯಾರರೆ ಕೈ ಹಚ್ಚಿದ್ರೇನ್ರಿ?”

“ಮೀಟರ್ ಡಿಸ್‌ಪ್ಲೇ ಹೋಗಿತ್ತಪಾ. ನಿನ್ನಿ ಸಂಜಿಕ ಹೊಸಾದು ಹಾಕ್ಸೀನಿ.”

ಅಲ್ಲೇ ಉತ್ತರ ಇತ್ತು. ಅದು ಅರ್ಥ ಆಗಬೇಕಾದರೆ ಸೆನ್ಸಾರ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿಯಬೇಕು.

ಬೇಕರಿ ಓವನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹದ ತಂತಿ, ತುದಿಯಲ್ಲಿ ಒಂದಕ್ಕೊಂದು ಬೆಸೆದಿರುತ್ತವೆ. ಬೆಸೆದ ತುದಿ ಕಾದು, ಇನ್ನೊಂದು ತುದಿ ತಣ್ಣಗಿದ್ದರೆ ಎರಡು ತಂತಿಗಳ ನಡುವೆ ಒಂದು ಪುಟ್ಟ ವೋಲ್ಟೇಜ್ ಹುಟ್ಟುತ್ತದೆ. ಜರ್ಮನಿಯ ವಿಜ್ಞಾನಿ ಥಾಮಸ್ ಸೀಬೆಕ್ 1821ರಲ್ಲಿ ಕಂಡುಕೊಂಡ ಗುಣ ಇದು. ಬ್ಯಾಟರಿ ಬೇಡ, ಏನೂ ಬೇಡ. ಕಾವೇ ಕರೆಂಟ್ ಹುಟ್ಟಿಸುತ್ತದೆ.

ಆದರೆ ಅದು ತೀರಾ ಚಿಕ್ಕದು. ಕೆ ಟೈಪ್ ಅನ್ನುವ ಥರ್ಮೋಕಪಲ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. 200 ಡಿಗ್ರಿಗೆ 8 ಮಿಲಿವೋಲ್ಟ್ ಚಿಲ್ಲರೆ. ಒಂದು ಟಾರ್ಚ್ ಸೆಲ್‌ನ ವೋಲ್ಟೇಜನ್ನು ಇನ್ನೂರು ಪಾಲು ಮಾಡಿದರೆ ಹೆಚ್ಚು ಕಡಿಮೆ ಅದರಲ್ಲಿ ಒಂದು ಪಾಲು. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ನಮ್ಮ ಉದ್ಯಮಬಾಗದ ಹೀಟ್ ಟ್ರೀಟ್‌ಮೆಂಟ್ ಭಟ್ಟಿಗಳಲ್ಲಿ ಕಬ್ಬಿಣ ಕೆಂಪಗೆ ಕಾಯಿಸುವಾಗಲೂ ಇದೇ ಕೆ ಟೈಪ್ ಬಳಸುತ್ತಾರೆ. ಜೆ ಟೈಪ್ ಅಂತ ಇನ್ನೊಂದಿದೆ. ಅದರಲ್ಲಿ ಡಿಗ್ರಿಗೆ 50 ಮೈಕ್ರೋವೋಲ್ಟ್‌ಗಿಂತ ಜಾಸ್ತಿ ಬರುತ್ತದೆ.

ಈಗ ನೋಡಿ. ಮೀಟರ್‌ಗೆ ಕಾಣುವುದು ಮಿಲಿವೋಲ್ಟ್ ಮಾತ್ರ, ಕಾವಲ್ಲ. ಇಷ್ಟು ಮಿಲಿವೋಲ್ಟ್‌ಗೆ ಇಷ್ಟು ಡಿಗ್ರಿ ಅನ್ನುವ ಪಟ್ಟಿ ಅದರ ಒಳಗಿರುತ್ತದೆ. ಕೆ ಟೈಪ್‌ಗೆ ಒಂದು ಪಟ್ಟಿ, ಜೆ ಟೈಪ್‌ಗೆ ಇನ್ನೊಂದು. ಯಾವ ಪಟ್ಟಿ ನೋಡಬೇಕು ಅನ್ನುವುದನ್ನು ನಾವು ಮೀಟರ್‌ನ ಸೆಟ್ಟಿಂಗ್‌ನಲ್ಲಿ ಹೇಳಬೇಕು. ಕಾಕಾ ಓವನ್‌ನಲ್ಲಿದ್ದ ಸೆನ್ಸಾರ್ ಕೆ. ಹೊಸ ಮೀಟರ್ ಜೆ ಪಟ್ಟಿ ಹಿಡಿದು ಕೂತಿತ್ತು. ಜೆ ಪಟ್ಟಿಯಲ್ಲಿ 200 ಆಗಬೇಕಾದರೆ ಎಷ್ಟು ಮಿಲಿವೋಲ್ಟ್ ಬೇಕೋ ಅಷ್ಟನ್ನು ಕೊಡಲು ಕೆ ಸೆನ್ಸಾರ್ ಸುಮಾರು 256 ಡಿಗ್ರಿವರೆಗೆ ಕಾಯಬೇಕು. ಮೀಟರ್ ಕಾಯಿಸಿತು.

ಸೆಟ್ಟಿಂಗ್‌ನಲ್ಲಿ ಜೆ ತೆಗೆದು ಕೆ ಮಾಡಿದೆ. 200 ಇದ್ದದ್ದು ಒಂದೇ ಸಲಕ್ಕೆ 256 ಆಯಿತು. ಕಾಕಾ ನನ್ನ ಮುಖ ನೋಡಿದರು, ಆಮೇಲೆ ಮೀಟರ್ ನೋಡಿದರು. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ.

ಇದೇ ಗುಂಪಿನಲ್ಲಿ ಬರುವ ಇನ್ನೊಂದು ದೋಷ ಇದಕ್ಕಿಂತ ಅಪಾಯದ್ದು. ಸೆನ್ಸಾರ್ ತಂತಿ ಪೂರಾ ತುಂಡಾದರೆ ಹೆದರಬೇಕಾಗಿಲ್ಲ. ಬಹುತೇಕ ಎಲ್ಲ ಮೀಟರ್‌ಗಳು ಅದನ್ನು ಗುರುತಿಸುತ್ತವೆ, ಡಿಸ್‌ಪ್ಲೇಯಲ್ಲಿ ಎರರ್ ತೋರಿಸಿ ಹೀಟರ್ ನಿಲ್ಲಿಸುತ್ತವೆ. ಅಪಾಯ ಇರುವುದು ತಂತಿ ಶಾರ್ಟ್ ಆದಾಗ. ಓವನ್ ಹಿಂದೆ ತಂತಿಯ ಮೇಲಿನ ಹೊದಿಕೆ ಕಾವಿಗೆ ಕರಗುತ್ತದೆ, ಇಲ್ಲವೇ ಇಲಿ ಕಡಿಯುತ್ತದೆ, ಇಲ್ಲವೇ ಓವನ್ ಸರಿಸುವಾಗ ಗೋಡೆಗೆ ಉಜ್ಜಿ ಹೋಗುತ್ತದೆ. ಎರಡೂ ತಂತಿ ಅಲ್ಲಿ ಒಂದಕ್ಕೊಂದು ತಾಗುತ್ತವೆ. ಬೇರೆ ಬೇರೆ ಲೋಹದ ಎರಡು ತಂತಿ ತಾಗಿದ ಜಾಗವೇ ಸೆನ್ಸಾರ್, ಅಲ್ವಾ? ಈಗ ಹೊಸ ಸೆನ್ಸಾರ್ ಓವನ್ ಹೊರಗೆ, ಗೋಡೆ ಪಕ್ಕ ಹುಟ್ಟಿಕೊಂಡಿತು. ಮೀಟರ್ ಅಲ್ಲಿನ 45 ಡಿಗ್ರಿ ನೋಡಿ, “ಇನ್ನೂ ತಣ್ಣಗಿದೆ, ಕಾಯಿಸು” ಅಂತ ಹೇಳುತ್ತಲೇ ಇರುತ್ತದೆ. ಒಳಗೆ 300 ದಾಟಿರುತ್ತದೆ. ಓವನ್ ಮುಂದೆ ನಿಂತರೆ ಮುಖಕ್ಕೆ ಬಿಸಿ ಹೊಡೆಯುತ್ತಿದೆ, ಮೀಟರ್ ಮಾತ್ರ ಮೇಲೇರುತ್ತಿಲ್ಲ ಅಂದರೆ ಯೋಚನೆ ಮಾಡುತ್ತ ನಿಲ್ಲಬೇಡಿ. ಮೇನ್ ಬಂದ್ ಮಾಡಿ.

ತಂತಿ ಉದ್ದ ಸಾಲದು ಅಂತ ಮನೆಯ ವೈರಿಂಗ್‌ನ ತಾಮ್ರದ ವೈರ್ ಜೋಡಿಸುವುದೂ ಇದೆ. ನೋಡಲು ಏನೂ ತೊಂದರೆ ಕಾಣುವುದಿಲ್ಲ, ಮೀಟರ್ ನಡೆಯುತ್ತದೆ. ಆದರೆ ಲೆಕ್ಕ ತಪ್ಪುತ್ತದೆ. ಥರ್ಮೋಕಪಲ್ ಅಳೆಯುವುದು ಕಾದ ತುದಿಗೂ ತಣ್ಣನೆಯ ತುದಿಗೂ ಇರುವ ವ್ಯತ್ಯಾಸ. ತಣ್ಣನೆಯ ತುದಿ ಮೀಟರ್ ಹಿಂದಿನ ಟರ್ಮಿನಲ್‌ನಲ್ಲಿದೆ ಅಂತ ಮೀಟರ್ ಅಂದುಕೊಂಡಿರುತ್ತದೆ, ಅಲ್ಲಿನ ಬಿಸಿಯನ್ನು ತಾನೇ ಅಳೆದು ಸೇರಿಸಿಕೊಳ್ಳುತ್ತದೆ. ನಾವು ಓವನ್ ಬೆನ್ನ ಹಿಂದೆ 80 ಡಿಗ್ರಿ ಇರುವ ಕಡೆ ತಾಮ್ರ ಜೋಡಿಸಿದರೆ ಅಳತೆ ಅಲ್ಲಿಗೇ ನಿಂತುಹೋಗುತ್ತದೆ. ಮೀಟರ್ ಹತ್ತಿರ 35 ಇದ್ದರೆ 45 ಡಿಗ್ರಿ ಲೆಕ್ಕದಿಂದಲೇ ಕಳೆದುಹೋಯಿತು. ಅಷ್ಟೇ ಡಿಗ್ರಿ ಓವನ್ ಜಾಸ್ತಿ ಕಾಯುತ್ತದೆ. ಇದರಲ್ಲಿ ಇನ್ನೊಂದು ತಲೆನೋವೂ ಇದೆ. ಬೆಳಿಗ್ಗೆ ಓವನ್ ಬೆನ್ನು ತಣ್ಣಗಿರುವಾಗ ಎಲ್ಲ ಸರಿ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಬ್ರೆಡ್ ಸುಡಲು ಶುರು. “ಮುಂಜಾನಿ ಚಲೋ ಇರತೈತಿ, ಮಧ್ಯಾಹ್ನ ಕೆಡತೈತಿ” ಅಂತ ಯಾರಾದರೂ ಹೇಳಿದರೆ ನಾನು ಮೊದಲು ಹುಡುಕುವುದು ಈ ಜೋಡಣೆಯನ್ನೇ. ಸೆನ್ಸಾರ್ ತಂತಿ ಉದ್ದ ಬೇಕಾದರೆ ಅದೇ ಟೈಪ್‌ನ ಕಾಂಪೆನ್ಸೇಟಿಂಗ್ ಕೇಬಲ್ ಕೇಳಿ ತರಬೇಕು. ಪ್ಲಸ್, ಮೈನಸ್ ಅದಲು ಬದಲು ಆದರೆ ಕಂಡುಹಿಡಿಯುವುದು ಸುಲಭ: ಓವನ್ ಕಾದಷ್ಟೂ ಮೀಟರ್ ಕೆಳಗಿಳಿಯುತ್ತದೆ.

ಕೊನೆಯದು ತೀರಾ ಸಣ್ಣದು, ಆದರೆ ಆಗಾಗ ಆಗುವುದು. ಒಳಗೆ ತೊಳೆದು ಒರೆಸುವಾಗ ಸೆನ್ಸಾರ್ ಕಡ್ಡಿ ಹಿಂದಕ್ಕೆ ಸರಿದು ಗ್ಲಾಸ್‌ವೂಲ್ ಒಳಗೆ ಹೋಗಿರುತ್ತದೆ. ಅದಕ್ಕೆ ಓವನ್ ಒಳಗಿನ ಗಾಳಿ ಸಿಗುವುದೇ ಇಲ್ಲ. ಕೈ ಹಾಕಿ ಮುಂದೆ ಎಳೆದು ನಟ್ ಬಿಗಿ ಮಾಡಿದರೆ ಮುಗಿಯಿತು. ಓವನ್ ತಣ್ಣಗಾದ ಮೇಲೆ, ಮೇನ್ ಬಂದ್ ಮಾಡಿ.

ಮೀಟರ್‌ಗೆ ಗೊತ್ತಿದ್ದೂ ನಿಲ್ಲದಿದ್ದರೆ

ಈಗ ಇನ್ನೊಂದು ಕಡೆ. ಸೆಟ್ ಮಾಡಿದ್ದು 200, ಮೀಟರ್ 240 ತೋರಿಸುತ್ತಿದೆ, ಇನ್ನೂ ಏರುತ್ತಿದೆ. ಪ್ಯಾನೆಲ್ ಬಿಚ್ಚದೆ ಒಂದು ಪರೀಕ್ಷೆ ಮಾಡಬಹುದು. ಸೆಟ್ಟಿಂಗ್ ಅನ್ನು 50ಕ್ಕೆ ಇಳಿಸಿ. ಕಿವಿ ಕೊಟ್ಟು ಕೇಳಿ. ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುವಾಗ “ಟಕ್” ಅಂತ ಸದ್ದು ಬರಬೇಕು. ಮೀಟರ್ ಮೇಲಿನ ಔಟ್‌ಪುಟ್ ಲೈಟ್ ಆರಬೇಕು. ಲೈಟ್ ಆರಿತು, ಟಕ್ ಬರಲಿಲ್ಲ, ಹತ್ತು ನಿಮಿಷವಾದರೂ ಕಾವು ಏರುತ್ತಲೇ ಇದೆ ಅಂದರೆ ಕಾಂಟ್ಯಾಕ್ಟರ್ ಅಂಟಿಕೊಂಡಿದೆ. ಲೈಟೇ ಆರದಿದ್ದರೆ ದೋಷ ಮೀಟರ್‌ನಲ್ಲಿದೆ.

ಕಾಂಟ್ಯಾಕ್ಟರ್ ಅಂಟಿಕೊಳ್ಳುವುದು ಅಂದರೇನು? ಒಳಗೆ ಲೋಹದ ಗುಂಡಿಗಳು ಒಂದಕ್ಕೊಂದು ಬಡಿದು ಕರೆಂಟ್ ಸೇರಿಸುತ್ತವೆ, ದೂರ ಸರಿದು ಕಡಿಯುತ್ತವೆ. ಪ್ರತಿ ಸಲವೂ ಒಂದು ಕಿಡಿ. 40 ಸೆಕೆಂಡಿಗೆ ಒಂದು ಸಲ ಆನ್ ಆದರೂ ಗಂಟೆಗೆ 90, ದಿನಕ್ಕೆ ಹನ್ನೆರಡು ಗಂಟೆ ನಡೆದರೆ ಸಾವಿರದ ಮೇಲೆ, ವರ್ಷಕ್ಕೆ ಮೂರು ಲಕ್ಷ ದಾಟುತ್ತದೆ. ಗುಂಡಿಯ ಮೈ ಸವೆದು ಕಪ್ಪಾಗುತ್ತದೆ. ಒಂದು ದಿನ ಕಿಡಿಯ ಬಿಸಿಗೆ ಎರಡೂ ಕರಗಿ ಬೆಸೆದುಬಿಡುತ್ತವೆ. ಅಲ್ಲಿಗೆ ಹೀಟರ್‌ಗೆ ಕರೆಂಟ್ ಸದಾ ಹರಿಯುತ್ತಲೇ ಇರುತ್ತದೆ.

ಇದನ್ನು ಬೇಗ ತಂದುಕೊಳ್ಳುವ ದಾರಿ ಎರಡಿವೆ. ಒಂದು, ಕಡಿಮೆ ವೋಲ್ಟೇಜ್. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಗುಂಡಿಗಳನ್ನು ಎಳೆದು ಹಿಡಿಯುವ ಕಾಂಟ್ಯಾಕ್ಟರ್ ಕಾಯಿಲ್‌ಗೆ ಗಟ್ಟಿಯಾಗಿ ಹಿಡಿದುಕೊಳ್ಳಲು ಶಕ್ತಿ ಸಾಲದು, ಗರ್ರ್ ಅಂತ ಅದುರುತ್ತದೆ. ಪ್ರತಿ ಅದುರಿಗೂ ಕಿಡಿ. ಆ ಗರ್ರ್ ಸದ್ದನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡು ಸುಮ್ನೆ ಇರಬೇಡಿ. ಇನ್ನೊಂದು, ಮೀಟರ್‌ನ ಸೈಕಲ್ ಟೈಮ್, ಅಂದರೆ ಎಷ್ಟು ಸೆಕೆಂಡಿಗೊಮ್ಮೆ ಆನ್-ಆಫ್ ಮಾಡಬೇಕು ಅನ್ನುವ ಸೆಟ್ಟಿಂಗ್. ಹೊಸ ಪಿಐಡಿ ಮೀಟರ್‌ಗಳು ಪೂರಾ ಆನ್, ಪೂರಾ ಆಫ್ ಮಾಡುವ ಬದಲು ಸ್ವಲ್ಪ ಸ್ವಲ್ಪ ಹೊತ್ತು ಕರೆಂಟ್ ಕೊಡುತ್ತವೆ. ಕಾಂಟ್ಯಾಕ್ಟರ್ ಬದಲು ಸಾಲಿಡ್ ಸ್ಟೇಟ್ ರಿಲೇ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಇದ್ದರೆ ಎರಡು ಸೆಕೆಂಡಿಗೊಮ್ಮೆ ಕೊಟ್ಟರೂ ತೊಂದರೆ ಇಲ್ಲ, ಅದರಲ್ಲಿ ಬಡಿದಾಡುವ ಭಾಗವೇ ಇಲ್ಲ. ಅದೇ ಸೆಟ್ಟಿಂಗನ್ನು ಕಾಂಟ್ಯಾಕ್ಟರ್‌ಗೆ ಇಟ್ಟರೆ ಕೆಲವೇ ತಿಂಗಳಲ್ಲಿ ಅದು ಸವೆದುಹೋಗುತ್ತದೆ. ಕಾಂಟ್ಯಾಕ್ಟರ್ ಇದ್ದರೆ 15-20 ಸೆಕೆಂಡ್ ಇಡಬೇಕು.

ಸಾಲಿಡ್ ಸ್ಟೇಟ್ ರಿಲೇ ಸವೆಯುವುದಿಲ್ಲ, ಆದರೆ ಬಿಸಿ ತಡೆಯುವುದಿಲ್ಲ. ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿ, ಅಂದರೆ ಆನ್ ಆಗಿಯೇ ಕೆಡುತ್ತದೆ. ಅದನ್ನು ಟೆಸ್ಟರ್ ಹಚ್ಚಿ ನೋಡಬೇಡಿ. ಆಫ್ ಇದ್ದಾಗಲೂ ಅದರಿಂದ ಚೂರು ಕರೆಂಟ್ ಸೋರುತ್ತದೆ, ಟೆಸ್ಟರ್ ಲೈಟ್ ಹತ್ತುತ್ತದೆ, ಸರಿ ಇದ್ದದ್ದೂ ಕೆಟ್ಟ ಹಾಗೆ ಕಾಣುತ್ತದೆ. ಹೀಟರ್ ವೈರ್‌ಗೆ ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ) ಹಾಕಿ. ಔಟ್‌ಪುಟ್ ಆಫ್ ಇದ್ದಾಗ ಆಂಪಿಯರ್ ಸೊನ್ನೆ ಬರಬೇಕು. 12 ಕಿಲೋವ್ಯಾಟ್‌ನ ಮೂರು ಫೇಸ್ ಓವನ್ ಆದರೆ ಆನ್ ಇದ್ದಾಗ ಫೇಸ್‌ಗೆ 17 ಆಂಪಿಯರ್ ಹತ್ತಿರ ಬರುತ್ತದೆ. ಆಫ್ ಇದ್ದಾಗಲೂ ಅಷ್ಟೇ ಬಂದರೆ ಸಂಶಯವೇ ಇಲ್ಲ.

ಇಲ್ಲಿ ಬಹಳ ಜನ ಕೇಳುವ ಪ್ರಶ್ನೆ: “ಎಂಸಿಬಿ ಐತಲ್ರೀ, ಅದ್ಯಾಕ ಬೀಳ್ಲಿಲ್ಲ?” ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್. ಅದು ನೋಡುವುದು ಕರೆಂಟನ್ನು, ಕಾವನ್ನಲ್ಲ. ಅಂಟಿಕೊಂಡ ಕಾಂಟ್ಯಾಕ್ಟರ್‌ನಲ್ಲಿ ಹರಿಯುವುದು ದಿನಾ ಹರಿಯುವ ಅದೇ 17 ಆಂಪಿಯರ್. ಎಂಸಿಬಿ ಪಾಲಿಗೆ ಎಲ್ಲ ಸರಿಯಾಗಿಯೇ ನಡೆಯುತ್ತಿದೆ. ಓವನ್ 400 ಮುಟ್ಟಿದರೂ ಅದು ಬೀಳುವುದಿಲ್ಲ.

ಅಪರೂಪಕ್ಕೆ ಕಾಂಟ್ಯಾಕ್ಟರ್ ಸರಿ ಬಿಟ್ಟಿರುತ್ತದೆ, ಆದರೂ ಒಂದು ಹೀಟರ್ ಬಿಸಿ ಇರುತ್ತದೆ. ಆ ಹೀಟರ್‌ನ ಒಳಗಿನ ತಂತಿ ಮೇಲಿನ ಕೊಳವೆಗೆ ತಾಗಿ ಅರ್ತ್ ಆಗಿರುತ್ತದೆ. ಜೊತೆಗೆ ವೈರಿಂಗ್ ಮಾಡಿದವರು ಎಲ್ಲ ಫೇಸ್ ಕಡಿಯುವ ಬದಲು ಒಂದನ್ನು ನೇರ ಕೊಟ್ಟಿರುತ್ತಾರೆ. ನೇರ ಬಂದ ಫೇಸ್ ಹೀಟರ್ ಮೂಲಕ ಅರ್ತ್‌ಗೆ ಹರಿಯುತ್ತದೆ. ಇದು ಬರೀ ಕಾವಿನ ಪ್ರಶ್ನೆ ಅಲ್ಲ, ಮುಟ್ಟಿದವರ ಜೀವದ ಪ್ರಶ್ನೆ. ಓವನ್‌ಗೆ ಅರ್ತ್ ಸರಿಯಾಗಿರಬೇಕು, ಕರೆಂಟ್ ಸೋರಿದ ಕೂಡಲೇ ಕಡಿಯುವ ಲೀಕೇಜ್ ಬ್ರೇಕರ್ ಇರಬೇಕು.

ಮೀಟರ್ ಸರಿ, ಆದರೆ ಒಂದು ಮೂಲೆ ಸುಡುತ್ತದೆ

ಇದು ಅತಿಯಾಗಿ ಕಾಯುವುದಲ್ಲ, ಕಾವು ಹಂಚಿಕೆ ಆಗದಿರುವುದು. ಫ್ಯಾನ್ ಇರುವ ಕನ್ವೆಕ್ಷನ್ ಓವನ್‌ಗಳಲ್ಲಿ ಫ್ಯಾನ್ ನಿಂತರೆ ಅಥವಾ ನಿಧಾನವಾದರೆ ಹೀಟರ್ ಹತ್ತಿರ ಕಾವು ಗುಡ್ಡೆ ಬೀಳುತ್ತದೆ. ಸಿಂಗಲ್ ಫೇಸ್ ಮೋಟಾರ್ ಆದರೆ ಕೆಪಾಸಿಟರ್ ನೋಡಿ. ಮೂರು ಫೇಸ್ ಮೋಟಾರ್ ಆದರೆ ಇತ್ತೀಚೆಗೆ ಲೈನ್ ಕೆಲಸ ಆಗಿದೆಯೋ ಕೇಳಿ. ಎರಡು ಫೇಸ್ ಅದಲು ಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ತಿರುಗುತ್ತಿರುವುದೇನೋ ಕಾಣುತ್ತದೆ, ಗಾಳಿ ಮಾತ್ರ ಹೋಗಬೇಕಾದ ಕಡೆ ಹೋಗುವುದಿಲ್ಲ. ಮೇಲೆ, ಕೆಳಗೆ ಬೇರೆ ಬೇರೆ ಹೀಟರ್ ಇರುವ ಡೆಕ್ ಓವನ್‌ನಲ್ಲಿ ಬರೀ ಅಡಿ ಸುಡುತ್ತಿದ್ದರೆ ಕೆಳಗಿನ ಹೀಟರ್ ಸೆಟ್ಟಿಂಗ್ ಇಳಿಸಿ ನೋಡಿ. ಬಾಗಿಲ ಗ್ಯಾಸ್ಕೆಟ್ ಹರಿದು, ಸೆನ್ಸಾರ್ ಬಾಗಿಲ ಹತ್ತಿರವೇ ಇದ್ದರೆ, ಅದಕ್ಕೆ ಹೊರಗಿನ ತಣ್ಣನೆ ಗಾಳಿ ತಾಗುತ್ತದೆ. ಹಿಂದಿನ ಟ್ರೇ ಸುಡುತ್ತದೆ.

200ಕ್ಕೆ ಸೆಟ್ ಮಾಡಿದ ಓವನ್ ಮೊದಲ ಸಲ 215ಕ್ಕೆ ಏರಿ ಮತ್ತೆ ಇಳಿದರೆ ಅದು ಕೆಟ್ಟಿಲ್ಲ. ಹೀಟರ್ ಆರಿದರೂ ಅದರ ಮೈಯಲ್ಲಿ, ಕಲ್ಲಿನಲ್ಲಿ ಕಾವು ಉಳಿದಿರುತ್ತದೆ. ರೊಟ್ಟಿ ಬೇಯಿಸಿ ಒಲೆ ಆರಿಸಿದ ಮೇಲೂ ಹಂಚು ಸುಡುತ್ತಲೇ ಇರುತ್ತದಲ್ಲ, ಹಾಗೆ. ಮೂರು ಸಲ ಏರಿಳಿಯುವವರೆಗೆ ಕಾಯಿರಿ. ಆಮೇಲೂ ತುಂಬಾ ಓಲಾಡಿದರೆ ಪಿಐಡಿ ಮೀಟರ್‌ನಲ್ಲಿ ಆಟೋಟ್ಯೂನ್ ಮಾಡಿಸಿ, ಅಂದರೆ ಮೀಟರ್ ತಾನೇ ಓವನ್‌ಗೆ ಹೊಂದಿಕೊಳ್ಳುವಂತೆ ಮಾಡಿಸಿ.

ಗ್ಯಾಸ್ ಓವನ್‌ನಲ್ಲಿ ನೋಡುವವನೇ ಬೇರೆ. ಎಣ್ಣೆ ತುಂಬಿದ ಒಂದು ಬಲ್ಬ್ ಒಳಗಿರುತ್ತದೆ, ಕೂದಲೆಳೆಯಂಥ ಕೊಳವೆ ಅದನ್ನು ವಾಲ್ವ್‌ಗೆ ಜೋಡಿಸಿರುತ್ತದೆ. ಕಾದಾಗ ಎಣ್ಣೆ ಹಿಗ್ಗಿ ಗ್ಯಾಸ್ ಕಡಿಮೆ ಮಾಡುತ್ತದೆ. ಕೊಳವೆ ಮುರಿದು ಎಣ್ಣೆ ಸೋರಿದರೆ ಹಿಗ್ಗುವುದೇ ಇಲ್ಲ, ಗ್ಯಾಸ್ ಪೂರಾ ತೆರೆದೇ ಇರುತ್ತದೆ. ಥರ್ಮೋಸ್ಟಾಟ್ ಪೂರಾ ಇಳಿಸಿದರೂ ಕಾವು ಇಳಿಯದಿದ್ದರೆ ಸಣ್ಣ ಉರಿಯ ಬೈಪಾಸ್ ಸ್ಕ್ರೂ ಜಾಸ್ತಿ ತೆರೆದಿರಬಹುದು. ಗ್ಯಾಸ್ ಕಡೆಗೆ ಗೊತ್ತಿದ್ದವರೇ ಕೈ ಹಾಕಬೇಕು. ಡೀಸೆಲ್ ರೋಟರಿ ಓವನ್ ಇದ್ದವರು ಒಂದು ಮಾತು ನೆನಪಿಡಿ: ಬರ್ನರ್ ಆರಿದ ಕೂಡಲೇ ಫ್ಯಾನ್ ಬಂದ್ ಮಾಡಬೇಡಿ. ಬರ್ನರ್ ಹೊಗೆಯ ಕಾವನ್ನು ಒಳಗಿನ ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ಗೆ ತಣ್ಣಗಾಗಲು ಗಾಳಿ ಬೇಕು. ಅದು ಬಿರುಕು ಬಿಟ್ಟರೆ ಡೀಸೆಲ್ ಹೊಗೆ ಬ್ರೆಡ್ ಮೇಲೆ ಬರುತ್ತದೆ.

ಬೇಸಿಗೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಅಡುಗೆಮನೆ ಒಳಗೆ ಇನ್ನೂ ಜಾಸ್ತಿ. ಓವನ್ ಪಕ್ಕದ ಪ್ಯಾನೆಲ್ ಒಳಗೆ ಅದಕ್ಕಿಂತ ಜಾಸ್ತಿ. ಸಾಮಾನ್ಯ ಮೀಟರ್‌ಗಳನ್ನು ಸುಮಾರು 50 ಡಿಗ್ರಿವರೆಗೆ ಅಂತ ಮಾಡಿರುತ್ತಾರೆ. ಪ್ಯಾನೆಲ್‌ನ ಗಾಳಿ ಕಿಂಡಿಗಳಲ್ಲಿ ಮೈದಾ ಹಿಟ್ಟು, ಎಣ್ಣೆ ಜಿಡ್ಡು ಸೇರಿ ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ಜಾಗ ಉಳಿಯಲಿ ಅಂತ ಓವನ್ನನ್ನು ಗೋಡೆಗೆ ಒತ್ತಿ ಇಟ್ಟಿರುತ್ತಾರೆ. ವಾರಕ್ಕೊಮ್ಮೆ ಮೇನ್ ಬಂದ್ ಮಾಡಿ ಒಣ ಬ್ರಷ್‌ನಿಂದ ಕಿಂಡಿ ಸ್ವಚ್ಛ ಮಾಡಿದರೆ ಎಷ್ಟೋ ಮೀಟರ್‌ಗಳು, ರಿಲೇಗಳು ಉಳಿಯುತ್ತವೆ.

ನಾಲ್ಕನೆಯವನು

ಮೂರು ಆಳು ಅಂದೆ. ನಿಜವಾಗಿ ನಾಲ್ಕನೆಯವನೂ ಇದ್ದಾನೆ. ಅವನ ಬಗ್ಗೆ ಹೇಳಲಿಕ್ಕೇ ನಾನು ಇಷ್ಟೆಲ್ಲ ಬರೆದೆ.

ಬಾಗಲಕೋಟೆಯ ನವನಗರದ ಒಂದು ಬೇಕರಿಗೆ ಹೋಗಿದ್ದೆ. ಹಿಂದಿನ ದಿನ ಟೋಸ್ಟ್ ಒಣಗಿಸಲು ಇಟ್ಟು, ಸೆಟ್ಟಿಂಗ್ ಸೊನ್ನೆಗೆ ಇಳಿಸಿ ಎಲ್ಲರೂ ಊಟಕ್ಕೆ ಹೋಗಿದ್ದರು. ಕಾಂಟ್ಯಾಕ್ಟರ್ ಅಂಟಿಕೊಂಡಿತ್ತು. ಒಬ್ಬ ಹುಡುಗ ಮಾತ್ರ ಅಂಗಡಿಯಲ್ಲಿದ್ದ. ಹೊಗೆ ನೋಡಿ ಓಡಿ ಬಂದು ಮೇನ್ ಇಳಿಸಿದ್ದ. “ಬಾಗ್ಲಾ ತೆಗೀಲಿಲ್ರಿ ಅಣ್ಣಾರ, ಮೇನ್ ಬಂದ್ ಮಾಡಿ ಹೊರಗ ಬಂದ್ನ್ರಿ” ಅಂದ. ಅವನು ಮಾಡಿದ್ದು ನೂರಕ್ಕೆ ನೂರು ಸರಿ. ಒಳಗೆ ಹೊತ್ತಿಕೊಂಡಾಗ ಬಾಗಿಲು ತೆಗೆದರೆ ಗಾಳಿ ನುಗ್ಗಿ ಬೆಂಕಿ ಹೊರಗೆ ಬರುತ್ತದೆ. ನೀರು ಎರಚಲೇಬಾರದು.

ಪ್ಯಾನೆಲ್ ಬಿಚ್ಚಿದೆ. ಕಾಂಟ್ಯಾಕ್ಟರ್ ಒಳಗೆ ಗುಂಡಿ ಇದ್ದ ಜಾಗದಲ್ಲಿ ಬಟಾಣಿ ಕಾಳಿನಷ್ಟು ಕರಗಿದ ಲೋಹ. ಅದು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಅದರ ಕೆಳಗಿತ್ತು. ಎರಡು ವೈರ್‌ಗಳನ್ನು ಒಂದಕ್ಕೊಂದು ತಿರುಚಿ ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಹಳೆಯದಾಗಿ ಅಂಟು ಬಿಟ್ಟು ಜೋತಾಡುತ್ತಿತ್ತು. ಅವು ಸೇಫ್ಟಿ ಥರ್ಮೋಸ್ಟಾಟ್‌ನಿಂದ ಬಿಡಿಸಿದ ವೈರ್‌ಗಳು.

ಸೇಫ್ಟಿ ಥರ್ಮೋಸ್ಟಾಟ್‌ಗೆ ಮೀಟರ್‌ನ ಹಂಗಿಲ್ಲ. ತನ್ನದೇ ಬಲ್ಬ್, ತನ್ನದೇ ಎಣ್ಣೆ, ತನ್ನದೇ ಸ್ವಿಚ್. ಉಳಿದ ಮೂವರೂ ಕೈಕೊಟ್ಟಾಗ, ನಿಗದಿ ಮಾಡಿದ ಮಿತಿ ದಾಟಿದ ಕೂಡಲೇ ಕಡಿಯಬೇಕು. ಕಡಿದ ಮೇಲೆ ಕೆಂಪು ಗುಂಡಿ ಒತ್ತುವವರೆಗೂ ತಾನಾಗಿ ಹತ್ತುವುದಿಲ್ಲ. ಅದು ಯಾವಾಗಲೋ ಮೇಲಿಂದ ಮೇಲೆ ಕಡಿಯುತ್ತಿತ್ತಂತೆ, ವ್ಯಾಪಾರಕ್ಕೆ ತೊಂದರೆ ಆಗುತ್ತದೆ ಅಂತ ಯಾರೋ ಜೋಡಿಸಿಬಿಟ್ಟಿದ್ದರು. ಅದು ಸುಮ್ಮಸುಮ್ಮನೆ ಕಡಿಯುವುದಿಲ್ಲ. ಒಳಗೆ ಕಾವು ಮಿತಿ ದಾಟುತ್ತಿದೆ, ಇಲ್ಲವೇ ಅದರ ಬಲ್ಬ್ ಜಾಗ ಬಿಟ್ಟು ಹೀಟರ್‌ಗೆ ತಾಗಿದೆ, ಇಲ್ಲವೇ ಫ್ಯಾನ್ ನಿಂತಿದೆ. ಅದನ್ನು ಹುಡುಕಬೇಕು. ವೈರ್ ಜೋಡಿಸುವುದು ರಿಪೇರಿ ಅಲ್ಲ. ಆ ಹುಡುಗ ಆ ಹೊತ್ತಿಗೆ ಅಂಗಡಿಯಲ್ಲಿ ಇರದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಅಲ್ಲಿ ಇನ್ನೂ ಒಂದು ದೋಷ ಸಿಕ್ಕಿತು. ಸೇಫ್ಟಿ ಥರ್ಮೋಸ್ಟಾಟನ್ನು ಮೊದಲಿಂದಲೂ ಅದೇ ಕಾಂಟ್ಯಾಕ್ಟರ್‌ನ ಕಾಯಿಲ್ ಲೈನ್‌ನಲ್ಲಿ ಕೊಟ್ಟಿದ್ದರು. ಅಂದರೆ ಅದು ಸರಿ ಇದ್ದು, ಸರಿಯಾಗಿ ಕಡಿದಿದ್ದರೂ ಬರೀ ಕಾಯಿಲ್‌ನ ಕರೆಂಟ್ ಹೋಗುತ್ತಿತ್ತು. ಬೆಸೆದುಕೊಂಡ ಗುಂಡಿಗಳು ಹಾಗೇ ಇರುತ್ತಿದ್ದವು. ಅದಕ್ಕೆ ಮೇನ್ ಕಡೆ ಎರಡನೇ ಕಾಂಟ್ಯಾಕ್ಟರ್ ಬೇಕು. ದಿನಾ ಸಾವಿರ ಸಲ ಬಡಿದಾಡುವ ಕೆಲಸ ಇದಕ್ಕಿಲ್ಲ, ಓವನ್ ಹಚ್ಚುವಾಗ ಒಮ್ಮೆ, ಆರಿಸುವಾಗ ಒಮ್ಮೆ. ಹಾಗಾಗಿ ಸವೆಯುವುದಿಲ್ಲ, ಬೇಕಾದಾಗ ಬಿಟ್ಟುಕೊಳ್ಳುತ್ತದೆ. ಸೇಫ್ಟಿ ಥರ್ಮೋಸ್ಟಾಟ್ ಅದನ್ನು ಕಡಿಯಬೇಕು. ನಿಮ್ಮ ಓವನ್‌ನಲ್ಲಿ ಹಾಗಿದೆಯೋ ಇಲ್ಲವೋ ಅಂತ ಮುಂದಿನ ಸಲ ಮೆಕ್ಯಾನಿಕ್ ಬಂದಾಗ ಕೇಳಿ, ಪ್ಯಾನೆಲ್ ಬಿಚ್ಚಿ ತೋರಿಸಲು ಹೇಳಿ. ತಿರುಗಿಸುವ ಗುಂಡಿ ಇರುವ ಸೇಫ್ಟಿ ಥರ್ಮೋಸ್ಟಾಟ್ ಆದರೆ, ಓವನ್ 200ರಲ್ಲಿ ಇದ್ದಾಗ ಅದನ್ನು 150ಕ್ಕೆ ಇಳಿಸಿ, ಓವನ್ ಪೂರಾ ಆರುತ್ತದೆಯೇ ಅಂತ ಅವರ ಎದುರೇ ನೋಡಿ. ಆರದಿದ್ದರೆ ಅದನ್ನು ಸರಿ ಮಾಡದೆ ಮುಂದಿನ ಟ್ರೇ ಒಳಗೆ ಇಡಬೇಡಿ. ನೋಡಿದ ಮೇಲೆ ಗುಂಡಿಯನ್ನು ಮತ್ತೆ ಮೊದಲಿದ್ದ ಮಿತಿಗೇ ತನ್ನಿ.

ನವನಗರದ ಓವನ್‌ಗೆ ಎರಡನೇ ಕಾಂಟ್ಯಾಕ್ಟರ್ ಮತ್ತು ಹೊಸ ಸೇಫ್ಟಿ ಥರ್ಮೋಸ್ಟಾಟ್ ಹಾಕಿ ಬಂದೆ. ಕಾಕಾ ಓವನ್‌ನಲ್ಲಿ ಹಾಕಬೇಕಾದದ್ದು ಏನೂ ಇರಲಿಲ್ಲ. ಪ್ಯಾನೆಲ್ ಬಾಗಿಲ ಒಳಗೆ ದಪ್ಪ ಮಾರ್ಕರ್‌ನಲ್ಲಿ ಬರೆದಿಟ್ಟೆ: ಸೆನ್ಸಾರ್ ಕೆ ಟೈಪ್, ಸೈಕಲ್ ಟೈಮ್ 20 ಸೆಕೆಂಡ್, ಸೇಫ್ಟಿ 320. ಮುಂದೆ ಯಾರು ಮೀಟರ್ ಬದಲಿಸಿದರೂ ಕಣ್ಣಿಗೆ ಬೀಳಲಿ ಅಂತ. ಅಷ್ಟರಲ್ಲಿ ಮೀಟರ್ 200ಕ್ಕೆ ಇಳಿದಿತ್ತು. ಕಾಕಾ ಇನ್ನೊಂದು ಚಿಟಿಕೆ ಮೈದಾ ಎಸೆದರು. ಅದು ನಿಧಾನವಾಗಿ ಅಂಚಿನಿಂದ ಕೆಂಪಾಗುವವರೆಗೆ ಇಬ್ಬರೂ ಬಗ್ಗಿ ನೋಡುತ್ತ ನಿಂತೆವು. ಆಮೇಲೆ ಅವರು ಹುಡುಗರಿಗೆ ಟ್ರೇ ತರಲು ಹೇಳಿದರು.